ಹಗೇವಿಗೆ ಟಾರ್ಚು ಇಳಿಸಿದ ಆಷಾಢ

ಹೋದ ವಾರ ನಮ್ಮ ಮನೆಯ ನೀರಿನ ಸಂಪು ತೊಳೆಸಿದೆವು. ಎರಡು ತಿಂಗಳಿಂದ ಬಳಸದೆ ಮುಚ್ಚಿಟ್ಟಿದ್ದ ಸಂಪು. ತೊಳೆಯಲು ಬಂದವನು ಮುಚ್ಚಳ ಸರಿಸಿ, ಪ್ಯಾಂಟು ಮಡಚಿ, ಒಂದು ಕಾಲನ್ನು ಒಳಗೆ ಇಳಿಬಿಟ್ಟಿದ್ದ. ಆ ಹೊತ್ತಿಗೆ ಒಳಗಿನ ಮುಗ್ಗಲು ವಾಸನೆ ನನ್ನ ಮೂಗಿಗೆ ಬಡಿಯಿತು. “ಕಾಲು ತೆಗಿಯಪ್ಪ ಮೊದ್ಲು” ಎಂದು ಅವನ ರಟ್ಟೆ ಹಿಡಿದು ಎಳೆದೆ. ದೇವರ ಮನೆಗೆ ಓಡಿ ಎಣ್ಣೆ ದೀಪ ತಂದೆ. ಅದನ್ನು ಬಕೆಟ್ಟಿನಲ್ಲಿಟ್ಟು, ಹಗ್ಗ ಕಟ್ಟಿ, ಸಂಪಿನೊಳಗೆ ಇಳಿಸಿದೆ.

ಅತ್ತೆ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. “ಸಂಪಿಗೂ ಆರತಿ ಎತ್ತೋದು ಯಾವೂರ ಪದ್ಧತಿಯೇ ಇದು?” ಎಂದು ನಕ್ಕರು. ಬಂದವನೂ ನಕ್ಕ. ನನಗೆ ನಗು ಬರಲಿಲ್ಲ. ದೀಪ ತಳ ಮುಟ್ಟಿದ ಮೇಲೂ ಉರಿಯುತ್ತಿತ್ತು. ಮನಸ್ಸಿನಲ್ಲೇ ಇನ್ನೂರು ಎಣಿಸಿ, ಆಮೇಲೆ ಅವನನ್ನು ಇಳಿಯಲು ಬಿಟ್ಟೆ. ಅವನು ತೊಳೆದು ಮೇಲೆ ಬರುವ ತನಕ ಅಲ್ಲಿಂದ ಕದಲಲಿಲ್ಲ.

ಈ ದಿಗಿಲು ನನಗೆ ಹತ್ತಿಕೊಂಡದ್ದು ಮೂರು ವರ್ಷದ ಹಿಂದಿನ ಆಷಾಢದಲ್ಲಿ.

ಆಗ ನಾನು ‘ದಂಡಿನ ದಾರಿ’ ಅನ್ನುವ ಕಾರ್ಯಕ್ರಮ ನಡೆಸುತ್ತಿದ್ದೆ. ಮೊಬೈಲಿನಲ್ಲಿ ಕೇಳುವ ಪಾಡ್‌ಕಾಸ್ಟು, ವಾರಕ್ಕೊಂದು ಕಂತು. ಹಳೆಯ ಯುದ್ಧಗಳು, ಬೇಹುಗಾರರು, ಒಂದು ಗಳಿಗೆಯ ತೀರ್ಮಾನದಿಂದ ನಾಡಿನ ದಿಕ್ಕನ್ನೇ ಬದಲಿಸಿದವರು, ಇಂಥ ವಿಷಯ ಬಲ್ಲವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುವುದು ನನ್ನ ಕೆಲಸ. ಅದಕ್ಕೆ ಮುಂಚೆ ಹತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿದವಳು ನಾನು. ಪಾಠದಲ್ಲಿ ಯುದ್ಧ ಅಂದರೆ ಕಾರಣಗಳು, ಪರಿಣಾಮಗಳು, ಎರಡಕ್ಕೂ ನಡುವೆ ಒಂದು ಗೆರೆ. ಆ ಗೆರೆಯ ಜಾಗದಲ್ಲಿ ನಿಜವಾಗಿ ಏನು ನಡೆಯಿತು ಅಂತ ಕೇಳುವ ಚಪಲ ನನ್ನದು.

ಸ್ಟುಡಿಯೋ ಅಂತ ಬೇರೆ ಇರಲಿಲ್ಲ. ಕಿಬ್ಬನಹಳ್ಳಿಯ ಹತ್ತಿರ ನಮ್ಮ ತೋಟದ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೊಂದು ಕೋಣೆ ಇದೆ. ನಮ್ಮ ಕಡೆ ಕಾಯಿಯನ್ನು ಇಡಿಯಾಗಿ ಅಟ್ಟಕ್ಕೆ ಹಾಕಿ ವರ್ಷದವರೆಗೆ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಡುತ್ತದೆ. ಹಾಗೆ ತಲೆಯ ಮೇಲೆ ಕಾಯಿ ತುಂಬಿದ್ದರೆ ಕೆಳಗೆ ಆಡಿದ ಮಾತು ಗೋಡೆಗೆ ಬಡಿದು ವಾಪಸು ಬರುವುದಿಲ್ಲ, ಹೆದ್ದಾರಿಯ ಬಸ್ಸಿನ ಹಾರನ್ನೂ ಅಷ್ಟಾಗಿ ಕೇಳುವುದಿಲ್ಲ. ಒಂದು ಇಲಿ ಮಾತ್ರ ಆಗಾಗ ಕಾಯಿ ಉರುಳಿಸಿ ನನ್ನ ಮಾನ ಕಳೆಯುತ್ತಿತ್ತು. ಚಿಪ್ಪು ಒಡೆಯುವ ಹೆಂಗಸರು ಕೆಲಸ ಮಾಡುತ್ತಲೇ ಫೋನಿನಲ್ಲಿ ನಮ್ಮ ಕಂತು ಹಾಕಿಕೊಂಡು ಕೇಳುತ್ತಾರೆ ಅಂತ ಗೊತ್ತಾದ ದಿನ ನಾನು ನೆಲದ ಮೇಲೆ ನಿಂತಿರಲಿಲ್ಲ.

ಹೆಚ್ಚಿನ ಕಂತುಗಳಲ್ಲಿ ಮಾತಾಡುತ್ತಿದ್ದವರು ಮೇಷ್ಟ್ರು. ತಿಪಟೂರಿನಲ್ಲಿ ನೆಲೆಸಿದ್ದ ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಅರವತ್ತೆಂಟು ವಯಸ್ಸು, ಸಣಕಲು ಮೈ. ಬೇಹುಗಾರರು ಬಳೆ ಮಾರುವವರಂತೆ ಊರು ಹೊಕ್ಕು ಕೋಟೆಯ ಬಾಗಿಲು ಎಣಿಸಿಕೊಂಡು ಹೋಗುತ್ತಿದ್ದ ಬಗೆಯನ್ನು ಅವರು ಹೇಳಿದರೆ, ಆ ವಾರ ಬಳೆಯವನು ಬಂದರೂ ಅನುಮಾನ ಬರುತ್ತಿತ್ತು. ಆದರೆ ಏನೇ ಹೇಳಿ, “ಆಧಾರ ಏನು?” ಅಂತ ಒಂದು ಮಾತು ಎಸೆಯುತ್ತಿದ್ದರು. ಅದೊಂದು ನನಗೆ ಕಿರಿಕಿರಿ. ಕತೆ ಚೆನ್ನಾಗಿ ಓಡುವಾಗ ಕಾಲಿಗೆ ತೊಡರುವ ಮಾತು ಅದು.

ಆ ಆಷಾಢದಲ್ಲಿ ನನಗೊಂದು ಕತೆ ಸಿಕ್ಕಿತು. ಹಂದನಕೆರೆ ಕಡೆಯ ಒಂದು ಹಳ್ಳಿಯದು. ಊರಿನ ಹೆಸರು ಬರೆಯುವುದಿಲ್ಲ, ಇಲ್ಲಿ ಬರುವವರ ಹೆಸರನ್ನೂ ಬದಲಿಸಿದ್ದೇನೆ. ಯಾಕೆ ಅಂತ ಓದುತ್ತ ಹೋದರೆ ತಿಳಿಯುತ್ತದೆ.

ಹಿಂದೆ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಗುಡಾಣದ ಆಕಾರಕ್ಕೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಒಳಗೆ ಹೊಟ್ಟೆ ಅಗಲ. ರಾಗಿ ಸುರಿದು, ಮೇಲೆ ಚಪ್ಪಡಿ ಎಳೆದು, ಮಣ್ಣು ಮುಚ್ಚಿಬಿಟ್ಟರೆ ಅಲ್ಲೊಂದು ಕಣಜ ಇದೆ ಅಂತ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ದಂಡು ಬಂದ ಕಾಲದಲ್ಲಿ ಊರು ಉಳಿಯುತ್ತಿದ್ದುದೇ ಹಾಗೆ. ಯಾವ ರಾಜನ ದಂಡು ಅಂತ ಊರವರು ಹೇಳುವುದಿಲ್ಲ, ಅವರಿಗೆ ಎಲ್ಲವೂ ದಂಡೇ. ಆ ಊರಿಗೆ ಒಂದು ದಂಡು ಬಂದಾಗ ಒಬ್ಬ ಮನುಷ್ಯ ಮುಂದೆ ನಡೆದು ಹೋಗಿ ಹಗೇವು ತೋರಿಸಿದನಂತೆ. ಅಂದಿನಿಂದ ಅವನ ವಂಶಕ್ಕೆ ‘ತೋರ್ಸ್ದೋರ ಮನೆ’ ಅಂತಲೇ ಹೆಸರು. ಆ ಮನೆಯವರು ಯಾವ ಹಗೇವಿನ ಬಾಯಿಯ ಹತ್ತಿರವೂ ನಿಲ್ಲಕೂಡದು. ಹಗೇವು ತೆಗೆಯುವ ದಿನ ಹಿತ್ತಿಲ ಗೋಡೆಯ ಆಚೆ ನಿಲ್ಲಬೇಕು. ಜಾತಿಯ ಮಾತಲ್ಲ ಇದು. ಊರಿನ ಗೌಡರೂ ಆ ಮನೆಯವರೂ ಒಂದೇ ಬುಡದ ದಾಯಾದಿಗಳು. ಹಗೇವಿನ ಬಳಕೆ ನಿಂತು ಎಷ್ಟೋ ಕಾಲವಾಗಿದ್ದರೂ ಗೋಡೆಯ ಪದ್ಧತಿ ನಿಂತಿರಲಿಲ್ಲ.

ನನಗೆ ಇಷ್ಟು ಸಾಕಾಯಿತು. ಯಾರನ್ನೂ ಕೇಳದೆ, ಒಂದು ಕಂತಿನ ಕೊನೆಯಲ್ಲಿ ಊರಿನ ಹೆಸರು ಹೇಳಿ, “ಮುಂದಿನ ವಾರ, ಹಗೇವು ತೋರಿಸಿದ ದ್ರೋಹಿಯ ಕತೆ” ಎಂದು ಗತ್ತಿನಿಂದ ಸಾರಿಬಿಟ್ಟೆ. ಮೇಷ್ಟ್ರು ಫೋನ್ ಮಾಡಿ, “ದ್ರೋಹಿ ಅನ್ನೋದಕ್ಕೆ ಆಧಾರ ಏನು ಗೀತಮ್ಮ?” ಅಂದರು. “ಅದನ್ನ ಹುಡುಕೋಕೇ ಅಲ್ವಾ ಸಾರ್ ನೀವಿರೋದು” ಅಂದೆ. ನನ್ನ ಬಾಯಿ ಆಗ ಹಾಗಿತ್ತು.

ಮೂರನೇ ದಿನ ಬೆಳಗ್ಗೆ ಒಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಅರವತ್ತರ ಆಸುಪಾಸು, ಕಾಯಿ ಸುಲಿದು ಸುಲಿದು ಒಡ್ಡಾದ ಕೈ. ಎರಡು ಬಸ್ಸು ಬದಲಿಸಿ ಬಂದಿದ್ದರು. ಹೆಸರು ರಂಗಪ್ಪ ಅಂದರು. ಸುಲಿದ ಮಟ್ಟೆಯ ರಾಶಿಯ ಪಕ್ಕ ಕುರ್ಚಿ ಹಾಕಿದರೂ ಕೂರಲಿಲ್ಲ.

“ನಾನು ತೋರ್ಸ್ದೋರ ಮನೆಯವ್ನು ಕಣವ್ವ” ಅಂದರು.

ಅವರೇ ಮುಂದುವರಿಸಿದರು. “ನನ್ ಮಗಳು ತುರುವೇಕೆರೆಲಿ ನರ್ಸಾಗವ್ಳೆ. ನಿಮ್ ಪ್ರೋಗ್ರಾಮು ಅಂದ್ರೆ ಅವ್ಳಿಗೆ ಪ್ರಾಣ. ಜೊತೆ ಕೆಲ್ಸ ಮಾಡೋರಿಗೆಲ್ಲ ಅವ್ಳೇ ಕೇಳ್ಸವ್ಳೆ. ಮೊನ್ನೆ ಎಲ್ರೂ ಕೂತ್ಕಂಡು ಕೇಳ್ತಿರೋವಾಗ ನೀವು ಊರ ಹೆಸ್ರು ಹೇಳುದ್ರಿ. ಇದು ನಿಮ್ಮೂರಲ್ವೇನೇ, ಯಾರೇ ಆ ದ್ರೋಹಿ ಅಂತ ಕೇಳುದ್ರಂತೆ. ಫೋನ್ ಮಾಡಿ ಅತ್ತಳು.”

“ನಿಮ್ಮ ಮನೆ ಹೆಸರು ಹೇಳಲ್ಲ ರಂಗಣ್ಣ” ಅಂದೆ.

“ಊರ ಹೆಸ್ರು ಹೇಳಾಯ್ತಲ್ಲ. ಮನೆ ಹೆಸ್ರು ತಾನೇ ಬತ್ತದೆ.” ಅವರು ದನಿ ಏರಿಸಲಿಲ್ಲ. “ಇನ್ನೂರು ವರ್ಷದಿಂದ ಆ ಹೆಸ್ರು ನಮ್ಮೂರ ಗಡಿ ಒಳಗೇ ಇತ್ತು ತಾಯಿ. ಗಡಿ ದಾಟುದ್ರೆ ನಾವೂ ಎಲ್ಲಾರಂಗೆ. ನಮ್ ಹೆಣ್ಮಕ್ಳು ಆ ಧೈರ್ಯದಾಗೆ ಹೊರಗ್ ಹೋಗಿ ಕೆಲ್ಸ ಮಾಡ್ತಾವೆ. ನೀವದನ್ನ ಫೋನಿಗೆ ಹಾಕುದ್ರೆ ಇನ್ ಗಡಿ ಎಲ್ಲೈತೆ?”

ನಾನು ಮೆತ್ತಗಾಗಬೇಕಿತ್ತು. ಆಗಲಿಲ್ಲ. ಮೇಷ್ಟ್ರ ಕಡೆ ಬೊಟ್ಟು ಮಾಡಿ ಪಾರಾದೆ. ಅವರು ದೊಡ್ಡ ವಿದ್ವಾಂಸರು, ಬಂದು ಹಗೇವು ನೋಡುತ್ತಾರೆ, ಸತ್ಯ ಏನಿದೆಯೋ ಅದನ್ನೇ ಹೇಳುತ್ತಾರೆ ಅಂದೆ. “ನಿಮ್ಮ ಮನೇಲಿ ಬೇರೆ ಕತೆ ಏನಾದ್ರೂ ಇದ್ರೆ ಈಗ್ಲೇ ಹೇಳಿ, ಅದನ್ನೂ ಹಾಕ್ತೀನಿ” ಅಂತ ಉದಾರತನ ಬೇರೆ ತೋರಿಸಿದೆ.

“ಐತೆ. ಹೇಳಾಕಿಲ್ಲ” ಎಂದ ರಂಗಣ್ಣ ನೀರನ್ನೂ ಕುಡಿಯದೆ ಬಸ್ಸಿಗೆ ಹೋದರು.

ಅವರು ಹೋದ ಮೇಲೆ ಅತ್ತೆ ನನ್ನ ಮುಖ ನೋಡಿ, “ಆವಯ್ಯನ ಹೊಟ್ಟೆ ಉರಿಸ್ಬ್ಯಾಡ ಕಣೇ, ಒಳ್ಳೇದಾಗಾಕಿಲ್ಲ” ಅಂದರು. ನನಗೂ ಒಳಗೊಳಗೇ ಅಳುಕಿತ್ತು. ಆದರೆ ಕೇಳುಗರು ಕಾಯುತ್ತಿದ್ದರು. ಎರಡು ದಿನ ಬಿಟ್ಟು ಮೇಷ್ಟ್ರನ್ನು ಕಾರಿಗೆ ಹತ್ತಿಸಿಕೊಂಡು ಆ ಊರಿಗೆ ಹೊರಟೆ.

ಆವತ್ತು ಗಾಳಿಯೋ ಗಾಳಿ. ಆಷಾಢದ ಗಾಳಿಗೆ ದಾರಿಯುದ್ದಕ್ಕೂ ತೆಂಗಿನ ತಲೆಗಳು ಒಂದೇ ಕಡೆ ವಾಲಿಕೊಂಡಿದ್ದವು, ಗರಿಗಳು ರಸ್ತೆಗೆ ಬಿದ್ದಿದ್ದವು. ಇಷ್ಟು ಗಾಳಿಯಲ್ಲಿ ಏನು ರೆಕಾರ್ಡಿಂಗ್ ಆಗುತ್ತದೆ ಅಂತ ನನಗೆ ಅದೇ ಚಿಂತೆ. ಗೌಡರ ಹಿತ್ತಿಲಿಗೆ ಹೋದಾಗ ಇಬ್ಬರು ಆಳುಗಳು ಹಾರೆ ಹಾಕಿ ಚಪ್ಪಡಿಯನ್ನು ಆಗಷ್ಟೇ ಸರಿಸಿದ್ದರು. ದಂಡಿಗೆ ತೋರಿಸಿದ್ದು ಇದೇ ಹಗೇವು ಅಂತ ಊರಿನ ನಂಬಿಕೆ. ಗೌಡರು ತಮ್ಮ ತಂದೆಯ ಕಾಲದಿಂದ ಅದನ್ನು ತೆಗೆದೇ ಇರಲಿಲ್ಲ. ಬಾಯಿಯಿಂದ ಮುಗ್ಗಿದ ರಾಗಿಯ ವಾಸನೆ ಬರುತ್ತಿತ್ತು.

ಮೇಷ್ಟ್ರು ಬಗ್ಗಿ ನೋಡಿ, “ಒಳಗೋಡೆ ನೋಡ್ದೆ ನಾನೇನೂ ಹೇಳಲ್ಲ” ಅಂದರು. ಗೋಡೆಯನ್ನು ಸುಟ್ಟು ಗಟ್ಟಿ ಮಾಡಿದ್ದಾರೋ, ಗಾರೆ ಹಚ್ಚಿದ್ದಾರೋ ಅನ್ನುವುದರ ಮೇಲೆ ಅದು ಎಷ್ಟು ಹಳೆಯದು ಅಂತ ಊಹಿಸಬಹುದಂತೆ. ನಾನು ತಡೆಯಬೇಕಿತ್ತು. ಹಗೇವಿನ ಒಳಗಿಂದ ಮಾತಾಡುವ ಇತಿಹಾಸಕಾರ, ಇಂಥ ಕಂತು ಯಾರು ಮಾಡಿದ್ದಾರೆ ಅಂತ ನನಗೆ ಹಿಗ್ಗು. ಅವರ ಅಂಗಿಯ ಕಾಲರಿಗೆ ಮೈಕು ಸಿಕ್ಕಿಸಿದೆ.

“ದೀಪ ಇಳ್ಸಿ ನೋಡ್ಬೇಕು ಕಣಮ್ಮ, ಹಿಂದಿನೋರು ಹಂಗ್ ಮಾಡ್ತಿದ್ರು” ಅಂದರು ಗೌಡರು.

“ದೀಪ ಯಾಕೆ ಗೌಡ್ರೇ, ಇಲ್ನೋಡಿ” ಎಂದು ನನ್ನ ಟಾರ್ಚು ತೆಗೆದೆ. ಹೊಸದು, ಚಾರ್ಜು ಮಾಡುವಂಥದ್ದು, ಹಗಲಲ್ಲೂ ಕಣ್ಣು ಕುಕ್ಕುವ ಬೆಳಕು. ಅದಕ್ಕೆ ಹಗ್ಗ ಕಟ್ಟಿ ಇಳಿಸಿದೆವು. ತಳದ ತನಕ ಬೆಳ್ಳಗೆ ಬೆಳಗಿತು. ನಾವು ನಾಲ್ಕೈದು ಜನ ಗುಂಡಿಯ ಸುತ್ತ ಬಗ್ಗಿ, ಅದು ಆರುತ್ತದೋ ಇಲ್ಲವೋ ಅಂತ ಗಂಭೀರವಾಗಿ ನೋಡುತ್ತ ನಿಂತೆವು. ನಾಚಿಕೆಗೇಡು. ಹತ್ತು ವರ್ಷ ಪಾಠ ಹೇಳಿದವಳು ನಾನು, ಮೂವತ್ತು ವರ್ಷ ಹೇಳಿದವರು ಅವರು. ಗಾಳಿ ಕೆಟ್ಟಿದ್ದರೆ ಎಣ್ಣೆ ದೀಪ ಆರುತ್ತದೆ, ಬ್ಯಾಟರಿಗೆ ಅದು ಹೇಗೆ ಗೊತ್ತಾಗಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

“ಉರೀತಾ ಐತೆ, ಪರವಾಗಿಲ್ಲ” ಅಂದರು ಗೌಡರು.

ಅವರು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ, ವಯಸ್ಸಾದವರು ಜಾರಿಬಿಟ್ಟಾರು ಅಂತ ಮೇಷ್ಟ್ರ ಕಂಕುಳ ಕೆಳಗೆ ಬಾವಿ ಹಗ್ಗ ಕಟ್ಟಿಸಿದ್ದು. ಬಿದಿರಿನ ಏಣಿ ಇಳಿಬಿಟ್ಟರು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಇಳಿದರು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎಲ್ಲರಿಗೂ ಸುಮ್ಮನಿರುವಂತೆ ಕೈ ಮಾಡಿದೆ.

ಆಗ ಗೋಡೆಯ ಆಚೆಯಿಂದ ಯಾರೋ ಕೂಗಿದರು. ತಿರುಗಿದರೆ ರಂಗಣ್ಣ. ಗೌಡರ ತೋಟದಲ್ಲಿ ಕಾಯಿ ಸುಲಿಯಲು ಬಂದಿದ್ದವರು, ಹಗೇವು ತೆಗೆಯುತ್ತಾರೆ ಅಂತ ಪದ್ಧತಿಯ ಪ್ರಕಾರ ಗೋಡೆಯ ಆಚೆ ನಿಂತಿದ್ದರು. ಎದೆಮಟ್ಟದ ಗೋಡೆ, ಹೆಗಲಿನಿಂದ ಮೇಲೆ ಮಾತ್ರ ಕಾಣುತ್ತಿತ್ತು.

“ಗೌಡ್ರೇ, ಎಣ್ಣೆ ದೀಪ ಬುಟ್ರಾ?”

ನಾನು ಬೆರಳನ್ನು ತುಟಿಗೆ ಇಟ್ಟು ಶ್ ಅಂದೆ.

“ಅವ್ವ, ಅದು ಬ್ಯಾಟ್ರಿ ಬೆಳಕು. ಎಣ್ಣೆ ದೀಪ ಬುಡ್ಬೇಕು.”

“ರಂಗಣ್ಣ, ರೆಕಾರ್ಡಿಂಗ್ ನಡೀತಿದೆ, ದಯವಿಟ್ಟು ಸುಮ್ಮನಿರಿ” ಅಂದೆ. ಕಂತು ನಿಲ್ಲಿಸಲು ಈ ಮನುಷ್ಯ ಏನಾದರೂ ನೆಪ ತೆಗೆಯುತ್ತಾನೆ ಅಂತ ನನ್ನ ಮನಸ್ಸಿನಲ್ಲಿ ಬಂದದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ.

ಕಿವಿಯಲ್ಲಿ ಮೇಷ್ಟ್ರ ದನಿ ಸ್ಪಷ್ಟವಾಗಿತ್ತು. “ತಳಕ್ಕೆ ಬಂದೆ. ಗೋಡೆ ನುಣ್ಣಗಿದೆ. ಮಣ್ಣು ಸುಟ್ಟ ಹಾಗಿದೆ, ಇದು ಹಳೇದೇ.” ಉಸಿರು ಎಳೆದುಕೊಂಡರು. “ಗೋಡೆ ನುಣ್ಣಗಿದೆ.” ಒಂದೇ ಮಾತನ್ನು ಎರಡು ಸಲ ಹೇಳುವವರಲ್ಲ ಅವರು. “ಗೋಡೆ” ಅಂದರು. ಆಮೇಲೆ ಮೆತ್ತಗೆ ಏನೋ ಬಿದ್ದ ಸದ್ದಾಯಿತು, ಉಸಿರು ಮಾತ್ರ ಕೇಳುತ್ತಿತ್ತು, ತೀರಾ ಬೇಗ ಬೇಗ.

“ಸಾರ್” ಎಂದೆ. ಉತ್ತರವಿಲ್ಲ. ಬಗ್ಗಿದರೆ ನನ್ನ ಟಾರ್ಚು ಬೆಳ್ಳಗೆ ಉರಿಯುತ್ತಲೇ ಇತ್ತು. ಅದರ ಪಕ್ಕ ಮೇಷ್ಟ್ರು ಗೋಡೆಗೆ ಒರಗಿ ಕುಸಿದಿದ್ದರು.

ಒಬ್ಬ ಆಳು ಏಣಿಗೆ ಕಾಲು ಹಾಕಿದ. “ಇಳೀಬ್ಯಾಡ ಕಣ್ಲಾ, ನೀನೂ ಹೋಯ್ತೀಯ” ಅನ್ನುತ್ತ ರಂಗಣ್ಣ ಗೋಡೆ ಹಾರಿ ಬಂದು ಅವನ ಹೆಗಲು ಹಿಡಿದು ಹಿಂದಕ್ಕೆ ಎಳೆದರು. ಆ ಮನೆಯವರು ಹಗೇವಿನ ಬಾಯಿಗೆ ಬಂದದ್ದು ಅದೇ ಮೊದಲಿರಬೇಕು. ಯಾರಿಗೂ ಅದು ನೆನಪಾಗಲಿಲ್ಲ. “ಏಣಿ ತೆಗೀರಿ, ಹಗ್ಗ ಎಳೀರಿ” ಅಂದರು. ಗೌಡರು, ಆಳುಗಳು, ನಾನು, ನಾಲ್ವರೂ ಹಗ್ಗ ಹಿಡಿದೆವು. ಸಣಕಲು ಮೈ ಮೇಲೆ ಬಂತು, ಬಾಯಿಯ ಹತ್ತಿರ ಬಂದು ಭುಜ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಾಯಿತು. ಮೇಷ್ಟ್ರ ತುಟಿ ನೀಲಿಗಟ್ಟಿದ್ದು ನನಗೆ ಕಾಣುತ್ತಿತ್ತು.

ರಂಗಣ್ಣ ಬೋರಲು ಮಲಗಿದರು. ಎದೆ ತುಂಬ ಉಸಿರು ತೆಗೆದುಕೊಂಡು, ತಲೆ, ತೋಳು ಎರಡನ್ನೂ ಆ ಬಾಯಿಯೊಳಗೆ ಇಳಿಸಿದರು. ಸಿಕ್ಕಿಕೊಂಡ ಭುಜವನ್ನು ಓರೆಯಾಗಿ ತಿರುಗಿಸುತ್ತಿದ್ದಿರಬೇಕು, ನಮಗೆ ಕಾಣಲಿಲ್ಲ, ಅವರ ಕಾಲು ಮಾತ್ರ ಮಣ್ಣನ್ನು ಕೆರೆಯುತ್ತಿತ್ತು. ನಾನು ಎಣಿಸುತ್ತಿದ್ದೆ, ಯಾಕೆ ಎಣಿಸಿದೆನೋ ಗೊತ್ತಿಲ್ಲ. ನಲವತ್ತು ದಾಟಿತು. ಆಮೇಲೆ ರಂಗಣ್ಣ ತಲೆ ಹೊರಗೆ ತೆಗೆದು ಎಳೆಯಿರಿ ಅಂತ ಸನ್ನೆ ಮಾಡಿದರು. ಎಳೆದೆವು. ಮೇಷ್ಟ್ರ ತಲೆ ಬಂತು, ಭುಜ ಬಂತು, ಇಡೀ ಮನುಷ್ಯ ನೆಲದ ಮೇಲೆ ಬಂದು ಬಿದ್ದರು. ಆ ಹುಚ್ಚು ಗಾಳಿ ಅವರ ಮುಖಕ್ಕೆ ಬಡಿಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಮ್ಮಿದರು. ಆ ಕೆಮ್ಮು ಕೇಳಿ ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಮೇಷ್ಟ್ರನ್ನು ಕಾರಿನಲ್ಲಿ ಮಲಗಿಸುವ ಗಡಿಬಿಡಿಯಲ್ಲಿ ರಂಗಣ್ಣ ಎಲ್ಲಿ ಅಂತ ತಿರುಗಿ ನೋಡಿದೆ. ಅವರು ಗೋಡೆಯ ಆಚೆ ವಾಪಸು ಹೋಗಿ ನಿಂತು, ಗೋಡೆಗೆ ಹಣೆ ಒತ್ತಿಕೊಂಡು ಉಸಿರು ಬಿಡುತ್ತಿದ್ದರು. ಗೌಡರೂ ಅದನ್ನು ನೋಡಿದರು. ಹೋಗಿ ಅವರ ಕೈ ಹಿಡಿದು ಕರೆತಂದು ಕಾರಿಗೆ ಹತ್ತಿಸಿದರು. ಅವರೂ ಆ ಗಾಳಿ ಕುಡಿದಿರಬಹುದಲ್ಲ.

ತಿಪಟೂರಿನ ಆಸ್ಪತ್ರೆಯಲ್ಲಿ ಮೇಷ್ಟ್ರಿಗೆ ಆಮ್ಲಜನಕ ಹಾಕಿದರು. ಇನ್ನೈದು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ರಂಗಣ್ಣನ ಎದೆ ಪರೀಕ್ಷಿಸಿ ಪರವಾಗಿಲ್ಲ ಅಂತ ಕಳಿಸಿದರು. ಹೊರಗೆ ಬೆಂಚಿನ ಮೇಲೆ ನಾವು ಮೂವರೂ ಕೂತೆವು, ನಾನು, ಗೌಡರು, ನಡುವೆ ರಂಗಣ್ಣ. ಅವರ ಎಚ್ಚರಿಕೆಯನ್ನೂ ನಾನು ಶ್ ಅಂದದ್ದನ್ನೂ ನನ್ನ ಚೀಲದಲ್ಲಿದ್ದ ರೆಕಾರ್ಡರು ಬಿಡದೆ ಹಿಡಿದಿಟ್ಟುಕೊಂಡಿತ್ತು.

“ನಿಮಗೆ ಹೇಗೆ ಗೊತ್ತಿತ್ತು ರಂಗಣ್ಣ? ಹಗೇವಿನ ಹತ್ರ ನಿಮ್ಮನ್ನ ಬಿಟ್ಟೇ ಇಲ್ಲವಲ್ಲ” ಅಂತ ಕೊನೆಗೆ ಕೇಳಿದೆ.

ರಂಗಣ್ಣ ಗೌಡರ ಕಡೆ ಒಮ್ಮೆ ನೋಡಿ, ಆಮೇಲೆ ನೆಲ ನೋಡುತ್ತ ಹೇಳಿದರು. “ನಮ್ಮಜ್ಜ ತೋರ್ಸಿದ್ದು ದಿಟ. ಹೊಡೆದ್ರಂತೆ, ಬಡಿದ್ರಂತೆ, ಮುಂದೆ ನಡೆದ. ಊರೋರು ನೋಡಿದ್ದು ಅಷ್ಟೇಯ. ಆದ್ರೆ ಅವ್ನು ತೋರ್ಸಿದ್ದು ರಾಗಿ ತುಂಬಿದ್ ಹಗೇವಲ್ಲ. ವರ್ಷದಿಂದ ಮುಚ್ಚಿದ್ದ ಖಾಲಿ ಹಗೇವು. ಚಪ್ಪಡಿ ಎಳ್ದ. ದೀಪ ಬೇಕಾ ಅಂದ್ರಂತೆ ದಂಡಿನೋರು. ಬ್ಯಾಡ, ಕೈಗೇ ಸಿಗ್ತದೆ ರಾಗಿ ಅಂದ. ಒಬ್ಬ ಇಳ್ದ, ಬರ್ಲಿಲ್ಲ. ಕೂಗಿ ಇನ್ನೊಬ್ಬ ಇಳ್ದ. ಹಂಗೇ ನಾಕ್ ಜನ. ಆಮ್ಯಾಕೆ ಉಳ್ದೋರಿಗೆ ಗೊತ್ತಾಯ್ತು, ನಮ್ಮಜ್ಜನ್ನ ಅಲ್ಲೇ ಕಡುದ್ರು. ದಿಗಿಲ್ ಬಿದ್ದು ಬೇರೆ ಹಗೇವು ಹುಡುಕ್ದೆ ಹೊಂಟೋದ್ರು.”

“ಇದನ್ನ ಯಾಕಪ್ಪ ಹೇಳ್ಲಿಲ್ಲ ನೀವು ಇಷ್ಟ್ ವರ್ಷ?” ಅಂದರು ಗೌಡರು.

“ಹೇಳುದ್ರೆ ದಂಡಿನೋರ್ ಕಿವಿಗೆ ಬಿದ್ದು, ತಿರುಗಿ ಬಂದು ಊರ್ ಸುಡ್ತಾರೆ ಅಂತ, ಮರೇಲಿ ನಿಂತು ಎಲ್ಲಾ ಕಂಡಿದ್ದ ಅಜ್ಜನ ಹೆಂಡ್ರು ಬಾಯಿ ಮುಚ್ಕಂಡ್ಲು. ದಂಡು ಬರೋದು ನಿಲ್ಲೋ ಹೊತ್ಗೆ ನಮ್ಗೆ ಹೆಸ್ರು ಬಿದ್ದಾಗಿತ್ತು. ಇನ್ ಯಾರ್ ನಂಬ್ತಾರೆ? ಮನೆ ಹೆಂಗಸ್ರು ಮಾತ್ರ ಸೊಸೇರಿಗೆ ಹೇಳ್ಕಂಡ್ ಬಂದವ್ರೆ.” ರಂಗಣ್ಣ ಕೈ ಉಜ್ಜಿಕೊಂಡರು. “ವರ್ಷಕ್ಕೊಂದ್ಸಲ ನಮ್ ಬಾವಿಗೆ ಎಣ್ಣೆ ದೀಪ ಇಳಿಸ್ತೀವಿ. ಆ ನಾಕ್ ಜನಕ್ಕೆ. ದೀಪ ಬ್ಯಾಡ ಅಂದಿದ್ದು ನಮ್ಮೋನೇ ಅಲ್ವಾ. ಅವ್ರೂ ಯಾರ್ದೋ ಮಕ್ಳು.”



ಮೂರನೇ ದಿನ ಮೇಷ್ಟ್ರು ಮನೆಗೆ ಬಂದರು. ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಧಾರ ಏನು ಅನ್ನುತ್ತಾರೆ ಅಂತ ಕಾಯುತ್ತಿದ್ದೆ, ಅಂದರು ಕೂಡ. “ಆಧಾರ ಇಲ್ಲ ಗೀತಮ್ಮ. ಊರಿನ ಕತೆಗೂ ಇಲ್ಲ, ಅವರ ಕತೆಗೂ ಇಲ್ಲ. ಊರಿನ ಕತೆಗೆ ಇನ್ನೂರು ವರ್ಷದಿಂದ ಯಾರೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ.” ಕಣ್ಣು ತೆರೆದು, “ಒಂದಂತೂ ನಾನು ಸಾಕ್ಷಿ ಹೇಳಬಲ್ಲೆ. ಇಳಿ, ಪರವಾಗಿಲ್ಲ ಅಂದ್ರೆ ಮನುಷ್ಯ ಇಳೀತಾನೆ” ಅಂದರು.

ಆ ಕಂತು ಬರಲಿಲ್ಲ. ಸಾರಿದ್ದನ್ನು ಅಳಿಸಿಹಾಕಿದೆ. ಮುಂದಿನ ಕಂತಿನ ಮೊದಲಲ್ಲೇ, ನಾನು ಆಡಿದ ದ್ರೋಹಿ ಅನ್ನುವ ಮಾತಿಗೆ ಯಾವ ಆಧಾರವೂ ಇಲ್ಲ, ತಪ್ಪು ನನ್ನದು ಎಂದು ಹೇಳಿದೆ. ತುರುವೇಕೆರೆಯಿಂದ ಒಂದು ಮೆಸೇಜು ಬಂತು. ರಂಗಣ್ಣನ ಮಗಳು ಶೋಭಾ. “ಕೇಳಿಸಿಕೊಂಡೆ ಮೇಡಂ, ಎಲ್ಲರಿಗೂ ಕೇಳಿಸಿದೆ” ಅಂತ ಅಷ್ಟೇ ಬರೆದಿದ್ದಳು.

ಶ್ರಾವಣ ಹುಟ್ಟಿದ ವಾರ ಗೌಡರು ಫೋನ್ ಮಾಡಿದರು. ದನ, ಮಕ್ಕಳು ಬಿದ್ದರೆ ಕಷ್ಟ, ಹಗೇವು ಮುಚ್ಚಿಸಿಬಿಡುತ್ತೇನೆ, ನೀವೂ ಮೇಷ್ಟ್ರೂ ಬನ್ನಿ ಅಂದರು. ಹೋದೆವು. ಗಾಳಿ ಇಳಿದು ಸಣ್ಣಗೆ ಸೋನೆ ಹಿಡಿದಿತ್ತು. ಹಿತ್ತಿಲಲ್ಲಿ ಮಣ್ಣು ತುಂಬಿದ ಟ್ರ್ಯಾಕ್ಟರು ನಿಂತಿತ್ತು, ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ಗೋಡೆಯ ಆಚೆ ರಂಗಣ್ಣ, ಅವರ ಪಕ್ಕದಲ್ಲಿ ರಜೆ ಹಾಕಿ ಬಂದಿದ್ದ ಶೋಭಾ. ಅವಳು ಅಪ್ಪನ ರಟ್ಟೆ ಹಿಡಿದುಕೊಂಡಿದ್ದಳು.

ಗೌಡರು ಹಿತ್ತಿಲ ಬಾಗಿಲು ತೆಗೆದರು. “ಒಳಗ್ ಬಾ ರಂಗಪ್ಪ. ಮಗಳ್ನೂ ಕರ್ಕಂಡ್ ಬಾ. ದೀಪ ನೀನೇ ಇಳ್ಸು.”

ರಂಗಣ್ಣ ತಕ್ಷಣ ಹೆಜ್ಜೆ ಎತ್ತಲಿಲ್ಲ. ಶೋಭಾ ಮೊದಲು ಬಂದಳು, ಹಿಂದೆ ಅವರು. ಎಣ್ಣೆ ದೀಪ ಹಚ್ಚಿ, ಸಣ್ಣ ಬುಟ್ಟಿಯಲ್ಲಿಟ್ಟು ಇಳಿಸಿದರು. ಒಂದಾಳು ಆಳ ಹೋಗುವಷ್ಟರಲ್ಲಿ ಕುಡಿ ಸಣ್ಣದಾಯಿತು. ಇನ್ನೊಂದು ಮೊಳಕ್ಕೆ ಆರಿಹೋಯಿತು. ರೆಕಾರ್ಡರು ನನ್ನ ಚೀಲದಲ್ಲೇ ಇತ್ತು. ಅದಕ್ಕೆ ಕೈ ಹಾಕಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ರಂಗಣ್ಣ ಬುಟ್ಟಿ ಮೇಲಕ್ಕೆ ಎಳೆದುಕೊಂಡು, ಟ್ರ್ಯಾಕ್ಟರಿನ ಮಣ್ಣಿಗೆ ಕೈ ಹಾಕಿದರು. ಸತ್ತವರಿಗೆ ಹಾಕುವ ಹಾಗೆ ಒಂದೊಂದೇ ಹಿಡಿ ಹಗೇವಿನೊಳಗೆ ಹಾಕಿದರು. ಒಂದು, ಎರಡು, ಮೂರು, ನಾಲ್ಕು. ಕೈ ಒರೆಸಿಕೊಂಡು ಹಿಂದೆ ಸರಿದರು. ಟ್ರ್ಯಾಕ್ಟರಿನವನು ಇಂಜಿನ್ ಚಾಲು ಮಾಡಿದ.

ಗೌಡರು ಕೈ ಎತ್ತಿ ಅವನನ್ನು ನಿಲ್ಲಿಸಿದರು. ತಾವೂ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಹಗೇವಿನ ಬಾಯಿಗೆ ಬಂದರು. ಊರವರ ಕಡೆ ನೋಡಲಿಲ್ಲ, ರಂಗಣ್ಣನ ಕಡೆ ನೋಡಿದರು.

“ನಾಕಲ್ಲ ಕಣಪ್ಪ, ಐದು” ಅಂದರು. “ಇದು ನಮ್ಮಜ್ಜಂಗೆ.”